ಅಟ್ಟ ಸೇರಿದ ನೂರಾ ಹನ್ನೆರಡನೇ ನಂಬರು

೧೨ ಜೂನ್ ೧೯೭೮, ಸೋಮವಾರ

ಇವತ್ತು ಹೈಸ್ಕೂಲು ಶುರುವಾಯಿತು. ಹೊಸ ಹೆಡ್ ಮೇಷ್ಟ್ರು ಶ್ರೀರಂಗಯ್ಯನವರು ಬಂದವರೇ ಮೇಷ್ಟ್ರುಗಳ ಕೋಣೆಯ ಮೂಲೆಯಲ್ಲಿರುವ ಬೀರು ತೋರಿಸಿ, "ಇದರಲ್ಲೇನಿದೆ?" ಎಂದರು. ಪುಸ್ತಕ ಎಂದೆ. "ಮತ್ತೆ ಬೀಗ ಯಾಕೆ?" ಎಂದರು. ಪುಸ್ತಕ ಇದೆಯಲ್ಲ, ಅದಕ್ಕೆ ಎಂದೆ. ಅವರು ನಕ್ಕರು. ನಾನು ಏನು ತಪ್ಪು ಹೇಳಿದೆನೋ, ಇನ್ನೂ ಗೊತ್ತಾಗಿಲ್ಲ.

ನಮ್ಮ ಯಜಮಾನರು ಬೀರಲಿಂಗಯ್ಯ ಈ ಶಾಲೆಯ ಅಟೆಂಡರ್ ಆಗಿ ಹನ್ನೊಂದು ವರ್ಷ ಆ ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡಿದ್ದರು. ಒಂದು ಪುಸ್ತಕ ಹೊರಗೆ ಹೋಗಲಿಲ್ಲ, ಒಂದೂ ಕಳೆಯಲಿಲ್ಲ. ಅವರು ತೀರಿಕೊಂಡ ಮೇಲೆ ಕಮಿಟಿಯವರು ಆ ಜಾಗಕ್ಕೆ ನನ್ನನ್ನು ಹಾಕಿಕೊಂಡರು. ಆದರೆ ತಾತ್ಕಾಲಿಕ. ಸೆಕ್ರೆಟರಿ ವೀರಭದ್ರಯ್ಯನವರು ಅವತ್ತೇ ಹೇಳಿದ್ದಾರೆ, "ಒಂದು ವರ್ಷ ನೋಡ್ತೀವಿ ಕಣಮ್ಮ ಕೊಲ್ಲಾಪುರಮ್ಮ. ಒಂದು ವಸ್ತು ಕಳೀದಂಗೆ ನೋಡ್ಕೊಂಡ್ರೆ ಖಾಯಂ. ಕಳೆದ್ರೆ ನಿನ್ನ ದಾರಿ ನಿಂಗೆ."

ಈಗ ಈ ಮೇಷ್ಟ್ರು ಹೇಳುತ್ತಾರೆ, ಬೀರು ದಿನಾ ತೆಗೆಯಬೇಕಂತೆ. ಮಕ್ಕಳಿಗೆ ಪುಸ್ತಕ ಕೊಡಬೇಕಂತೆ. ಯಾರಿಗೆ ಯಾವ ನಂಬರು ಹೋಯಿತು ಎಂದು ನಾನೇ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕಂತೆ. "ಸಾರ್, ನಾನು ಏಳನೇ ಕ್ಲಾಸು ಮುಗಿಸಿಲ್ಲ" ಎಂದೆ. "ನಂಬರು ಬರೆಯೋಕೆ ಬರುತ್ತಲ್ಲ, ಸಾಕು" ಎಂದರು.

ಮೂರು ಸಲ ಎಣಿಸಿದೆ. ೨೧೪ ಪುಸ್ತಕ. ಮನಸ್ಸಿನಲ್ಲೇ ಇಟ್ಟುಕೊಂಡರೆ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೆ ಇಲ್ಲಿ ಬರೆದಿದ್ದೇನೆ.

೧೪ ಜೂನ್, ಬುಧವಾರ

ಯಾರೂ ಪುಸ್ತಕ ಕೇಳಲಿಲ್ಲ. ೨೧೪. ನೆಮ್ಮದಿ.

೫ ಜುಲೈ, ಬುಧವಾರ

ನೆಮ್ಮದಿ ಹೋಯಿತು. ಹತ್ತನೇ ಕ್ಲಾಸಿನ ಬೆಟ್ಟಸ್ವಾಮಿ ಸೋಮವಾರ ಒಂದು ಪುಸ್ತಕ ತೆಗೆದುಕೊಂಡು ಹೋದವನು ಇವತ್ತು ತಂದ. ನಲವತ್ತನೇ ಪುಟದ ಮೇಲೆ ಅಂಗೈಯಗಲ ಎಣ್ಣೆ ಕಲೆ. ಕೇಳಿದರೆ, "ಅಕ್ಕ, ಅಮ್ಮ ವಡೆ ಕೊಟ್ಲು, ಕಥೇಲಿ ಅಲ್ಲೇ ಕಳ್ಳ ಸಿಕ್ಕೋತಾ ಇದ್ದ, ಕೈ ತೊಳ್ಯಕ್ಕೆ ಎದ್ದು ಹೋಗಕ್ಕಾಗ್ಲಿಲ್ಲ" ಎನ್ನುತ್ತಾನೆ. ನಾನು ಒಂದೊಂದೇ ಹಾಳೆ ತಿರುವಿ ಇನ್ನೆಲ್ಲಾದರೂ ಹರಿದಿದೆಯೇ ಎಂದು ನೋಡಿದೆ. ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.

ಇನ್ನು ಮನೆಗೆ ಕೊಡುವುದು ಬೇಡ ಎಂದು ತೀರ್ಮಾನ ಮಾಡಿದ್ದೇನೆ. ಊಟದ ಬೆಲ್ಲಾದ ಮೇಲೆ ಜಗಲಿಯಲ್ಲಿ ನನ್ನ ಕಣ್ಣೆದುರಿಗೇ ಕೂತು ಓದಲಿ. ಕೈ ತೊಳೆದು, ಒರೆಸಿಕೊಂಡು, ನನಗೆ ತೋರಿಸಿ ಆಮೇಲೆ ಓದಲಿ. ಬೆಲ್ಲು ಹೊಡೆದ ಕೂಡಲೇ ವಾಪಸು.

೨೧ ಜುಲೈ, ಶುಕ್ರವಾರ

ಮೊದಲ ದಿನ ಆರು ಜನ ಇದ್ದರು. ಇವತ್ತು ಮೂವತ್ತೊಂದು. ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಹೆಡ್ ಮೇಷ್ಟ್ರು ಕಮಿಟಿಗೆ ಬರೆದ ಕಾಗದದಲ್ಲಿ, "ನಮ್ಮ ಅಟೆಂಡರ್ ಅವರು ಸ್ವಂತ ಬುದ್ಧಿಯಿಂದ ಓದಿನ ಅವಧಿಯನ್ನು ಆರಂಭಿಸಿದ್ದಾರೆ" ಎಂದು ಬರೆದಿದ್ದಾರಂತೆ. ನಾನು ಯಾವ ಅವಧಿ ಆರಂಭಿಸಿದೆ? ಕಣ್ಣು ತಪ್ಪಿಸಿ ಯಾರಾದರೂ ಹಾಳೆ ಹರಿಯುತ್ತಾರೇನೋ ಎಂದು ಕಾಯುತ್ತಾ ಕೂತೆ, ಅಷ್ಟೇ. ಕಮಿಟಿಯವರು ಏನಂದುಕೊಂಡರೋ. ಹೆಸರು ಬರೆಯದಿದ್ದರೆ ಆಗುತ್ತಿತ್ತು.

ಹಾಳೆ ಪರೀಕ್ಷೆ ಮಾಡುವಾಗ ಕಣ್ಣಿಗೆ ಬಿದ್ದ ಸಾಲುಗಳು ಓದಿಸಿಕೊಂಡು ಹೋಗುತ್ತವೆ. ಎಂಟನೇ ಕ್ಲಾಸಿನ ಪುಟ್ಟಗೌರಮ್ಮ ಒಂದು ಪುಸ್ತಕ ಹಿಡಿದು, "ಅಕ್ಕ, ಇದ್ರಾಗೆ ಆ ಮುದುಕಿ ಕೊನೆಗೆ ಊರು ಸೇರ್ತಾಳಾ?" ಎಂದು ಕೇಳಿದಳು. ನಾನು ಪರೀಕ್ಷೆ ಮಾಡಿದ್ದು ಅರ್ಧದವರೆಗೆ ಮಾತ್ರ. ಗೊತ್ತಿಲ್ಲ ಎನ್ನುವುದಕ್ಕೆ ನಾಚಿಕೆಯಾಗಿ, "ಹೇಳಿದ್ರೆ ನೀನು ಓದಲ್ಲ" ಎಂದುಬಿಟ್ಟೆ. ಅವಳು ಓಡಿಹೋಗಿ ಓದುತ್ತಾ ಕೂತಳು. ಈಗ ಮಕ್ಕಳೆಲ್ಲ ಅದೇ ಮಾತು ಹೇಳಿಕೊಂಡು ನಗುತ್ತಾರೆ.

೧೮ ಆಗಸ್ಟ್, ಶುಕ್ರವಾರ

ಮಾಡಬಾರದ ಕೆಲಸ ಮಾಡಿದೆ.

ಒಂಬತ್ತನೇ ಕ್ಲಾಸಿನ ಗಿರಿಜಾಂಬಿಕಾ ಸೆಕ್ರೆಟರಿಯವರ ಮಗಳು. ಹದಿನೈದು ದಿನದಿಂದ ಜಗಲಿಯಲ್ಲಿ ೧೧೨ನೇ ನಂಬರು ಓದುತ್ತಿದ್ದಾಳೆ. ಉತ್ತರದ ಕಡಲಿನಲ್ಲಿ ಒಂದು ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಕಥೆ. ಇವತ್ತು ಬೆಲ್ಲು ಹೊಡೆದರೂ ಎದ್ದೇಳಲಿಲ್ಲ. "ಅಕ್ಕ, ಮನೆಗೆ ಕೊಡಿ. ಸೋಮವಾರ ತಂದ್ಬಿಡ್ತೀನಿ. ನನ್ನೆಸ್ರು ಮಾತ್ರ ಬರೀಬ್ಯಾಡಿ, ಅಪ್ಪ ಆ ರಿಜಿಸ್ಟರ್ ತಿರುವ್ತಾರೆ. ಕೈಯಾಗೆ ಕಥೆ ಪುಸ್ತಕ ಕಂಡ್ರೆ ಸ್ಕೂಲ್ ಬಿಡಿಸ್ತೀನಿ ಅಂದವ್ರೆ."

ಆಗಲ್ಲ ಎನ್ನಬೇಕಿತ್ತು. ಬಾಯಿ ಆಗಲ್ಲ ಎನ್ನುವಷ್ಟರಲ್ಲಿ ಕೈ ರಿಜಿಸ್ಟರಿನಲ್ಲಿ ೧೧೨ರ ಮುಂದೆ ನನ್ನ ಹೆಸರನ್ನೇ ಬರೆದಿತ್ತು.

ಸೋಮವಾರದವರೆಗೆ ಮೂರು ದಿನ.

೪ ಸೆಪ್ಟೆಂಬರ್, ಸೋಮವಾರ

ಒಂದು ಸೋಮವಾರ ಹೋಗಿ ಇನ್ನೊಂದು ಬಂತು, ಅದೂ ಹೋಗಿ ಇವತ್ತು ಮೂರನೆಯದು. ಅಜ್ಜಿಗೆ ಹುಷಾರಿಲ್ಲ, ನಾಳೆ, ನಾಡಿದ್ದು ಎನ್ನುತ್ತಿದ್ದವಳು ಇವತ್ತು ಅಳುತ್ತಾ ಬಂದಳು.

ಅಪ್ಪನ ಕಣ್ಣಿಗೆ ಬೀಳದಿರಲೆಂದು ಪುಸ್ತಕವನ್ನು ಅಟ್ಟದ ಮೂಲೆಯಲ್ಲಿ ಇಟ್ಟಿದ್ದಳಂತೆ. ಅಟ್ಟ ಖಾಲಿ ಇತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಹತ್ತಿ ಓದುತ್ತಿದ್ದಳಂತೆ. ಶನಿವಾರ ಅವಳು ಶಾಲೆಗೆ ಬಂದಿದ್ದಾಗ ಅವರ ತೋಟ ನೋಡಿಕೊಳ್ಳುವ ಜವರಪ್ಪ ಮತ್ತು ಆಳುಗಳು ಗಾಡಿಗಾಡಿ ತೆಂಗಿನಕಾಯಿ ತಂದು ಅಟ್ಟ ತುಂಬಿಬಿಟ್ಟಿದ್ದಾರೆ. ಹದಿನಾಲ್ಕು ಸಾವಿರ ಕಾಯಿ! ಜವರಪ್ಪ ಮೂಲೆಯಿಂದಲೇ ಒಟ್ಟಿಕೊಂಡು ಬಂದಿದ್ದಾನೆ. ಪುಸ್ತಕ ಎಲ್ಲದರ ಅಡಿಗೆ.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಒಮ್ಮೆ ಅಟ್ಟ ಸೇರಿದ ಕಾಯಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುವವರೆಗೆ ಇಳಿಯುವುದಿಲ್ಲ. ಹನ್ನೊಂದು ತಿಂಗಳು. ನಡುವೆ ಯಾರೂ ಹತ್ತುವಂತಿಲ್ಲ, ಒಂದು ಕಾಯಿ ಅಲುಗಿಸುವಂತಿಲ್ಲ, ಅಲುಗಿಸಿದರೆ ಬಿರುಕು ಬಿಟ್ಟು ಕೊಳೆಯುತ್ತವೆ. ಏಣಿಯನ್ನೇ ತೆಗೆದು ಹಿತ್ತಲಿಗೆ ಇಟ್ಟುಬಿಡುತ್ತಾರೆ.

"ಹೊರಗಡೆ ಎಲ್ಲಾದರೂ ಇಡೋದಲ್ವೇನೇ?" ಎಂದೆ.

"ಅಟ್ಟಕ್ಕಿಂತ ಭದ್ರವಾದ ಜಾಗ ಯಾವ್ದೈತೆ ಅಕ್ಕ?" ಎಂದಳು.

೫ ಸೆಪ್ಟೆಂಬರ್, ಮಂಗಳವಾರ

೨೧೩. ೨೧೩. ೨೧೩.

೧೪ ನವೆಂಬರ್, ಮಂಗಳವಾರ

ಶಾಲೆಯ ಹಬ್ಬಕ್ಕೆ ಹೂ ಕೇಳುವ ನೆಪದಲ್ಲಿ ಸೆಕ್ರೆಟರಿಯವರ ಮನೆಗೆ ಹೋದೆ. ಅವರ ತಾಯಿ ಗುರುಶಾಂತಮ್ಮನವರು ಒಲೆ ಮುಂದೆ ಕೂತಿದ್ದರು. ನಾನು ಕಂಬಕ್ಕೊರಗಿ ನಿಂತು ಮೇಲೆ ನೋಡಿದೆ. ಬಿದಿರ ಗಳುಗಳ ಸಂದಿಯಲ್ಲಿ ಕಾಯಿಗಳ ತಳ ಕಾಣುತ್ತಿತ್ತು. ಒಲೆಯ ಹೊಗೆ ಸುತ್ತಿಕೊಂಡು ಅಲ್ಲಿಗೇ ಹೋಗುತ್ತಿತ್ತು. ನಮ್ಮ ಪುಸ್ತಕಕ್ಕೂ ನನಗೂ ನಡುವೆ ಎರಡು ಆಳು ಎತ್ತರ ಅಷ್ಟೇ.

"ಏನೇ ಕೊಲ್ಲಾಪುರಿ, ಬಂದಾಗಿಂದ ಅಟ್ಟನೇ ನೋಡ್ತಿದ್ದೀಯ. ಕಣ್ಣು ಹಾಕ್ಬ್ಯಾಡ ಕಣೇ."

"ಇಲ್ಲ ಅವ್ವ. ಈ ಸಲ ಯಾವಾಗ ಇಳಿಸ್ತೀರ ಅಂತ."

"ಹಾಕಿ ಮೂರು ತಿಂಗ್ಳಾಗಿಲ್ಲ, ಇಳ್ಸೋ ಮಾತಾಡ್ತಾಳೆ! ಹೆರಿಗೆ ಆದೋಳ ಹತ್ರ ಮಗು ಯಾವಾಗ ಸ್ಕೂಲಿಗೆ ಅಂದಂಗಾಯ್ತು. ಮಜ್ಜಿಗೆ ಕುಡೀತೀಯಾ?"

ಮಜ್ಜಿಗೆ ಕುಡಿದೆ. ಹೂ ಮರೆತು ಬಂದೆ. ಹೊಗೆಗೆ ಕಾಗದ ಏನಾಗುತ್ತದೆಯೋ. ಇಲಿ ಇವೆಯಾ ಎಂದು ಕೇಳಬೇಕಿತ್ತು.

೧೭ ಜನವರಿ ೧೯೭೯, ಬುಧವಾರ

ಹೋದ ವಾರ ಹೆಡ್ ಮೇಷ್ಟ್ರು ರಿಜಿಸ್ಟರ್ ನೋಡಿದವರು, "ನೂರಾ ಹನ್ನೆರಡು ನೀವೇ ಓದ್ತಿದ್ದೀರಾ! ಐದು ತಿಂಗಳಾಯ್ತಲ್ಲ, ನಿಧಾನಕ್ಕೆ ಓದ್ತೀರಿ ಅನ್ಸುತ್ತೆ. ಹೇಗಿದೆ?" ಎಂದರು. ಅವರ ಮುಖದಲ್ಲಿ ಅಷ್ಟು ಸಂತೋಷ. ಚೆನ್ನಾಗಿದೆ ಸಾರ್ ಎಂದೆ. ಇನ್ನೇನು ಕೇಳುತ್ತಾರೋ ಎಂದು ಹೆದರಿ ಗಂಟೆ ಹೊಡೆಯುವ ಹೊತ್ತಾಯಿತು ಎಂದು ಓಡಿದೆ. ಐದು ನಿಮಿಷ ಮುಂಚೆ ಹೊಡೆದುಬಿಟ್ಟೆ.

ಗಿರಿಜಳನ್ನು ಕೂರಿಸಿಕೊಂಡು, ನೀನು ಓದಿದಷ್ಟು ನನಗೆ ಹೇಳು, ಕೇಳಿದರೆ ಹೇಳಬೇಕು ಎಂದೆ. ಅವಳು ಮೂರು ದಿನ ಊಟದ ಹೊತ್ತಿನಲ್ಲಿ ಹೇಳಿದಳು. ಹಡಗಿನಲ್ಲಿ ಇಪ್ಪತ್ತೆರಡು ಜನ. ಸುತ್ತ ಮಂಜುಗಡ್ಡೆ, ಒಂದು ಗೇಣು ನೀರು ಕಾಣುವುದಿಲ್ಲ. ಅಡಿಗೆಯವನು ದಿನಾ ಬೆಳಿಗ್ಗೆ ಒಂದು ಸೌಟಿನಿಂದ ಹಿಮ ಕುಟ್ಟಿ ಸದ್ದು ಕೇಳುತ್ತಾನೆ, ಕರಗುವ ಸದ್ದು ಬೇರೆ ಇರುತ್ತದಂತೆ. ಒಂದು ದಿನ ಅವನು ಕುಟ್ಟಿದವನು ತಲೆಯೆತ್ತಿ ಕ್ಯಾಪ್ಟನ್ನನ ಕಡೆ ನೋಡುತ್ತಾನೆ.

"ಆಮೇಲೆ?" ಎಂದೆ.

"ಅಷ್ಟೇ ಅಕ್ಕ. ಎಂಬತ್ತಾರನೇ ಪುಟ. ಅಲ್ಲಿ ತೆಂಗಿನ ಗರಿ ಕಡ್ಡಿ ಇಟ್ಟು ಕೆಳಗಿಳಿದೆ."

ಸಿಟ್ಟು ಬಂತು. ಇನ್ನೊಂದು ಪುಟ ಓದಿ ಇಳಿದಿದ್ದರೆ ಏನಾಗುತ್ತಿತ್ತು?

೯ ಫೆಬ್ರವರಿ, ಶುಕ್ರವಾರ

ಕಾದಿದ್ದು ಬಂತು. ಮಕ್ಕಳು ಪಾಠ ಬಿಟ್ಟು ಕಥೆ ಓದುತ್ತಾರೆ ಎಂದು ಯಾರೋ ದೂರು ಹೇಳಿದ್ದಾರೆ. ಸೆಕ್ರೆಟರಿ ವೀರಭದ್ರಯ್ಯನವರು ಮಧ್ಯಾಹ್ನ ಬಂದು ಬೀರಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಒಂದೊಂದೇ ನಂಬರು ಕೂಗಿದರು, ನಾನು ಒಂದೊಂದೇ ಪುಸ್ತಕ ಎತ್ತಿ ತೋರಿಸಿದೆ. ನೂರಾ ಹನ್ನೊಂದು. ನೂರಾ ಹನ್ನೆರಡು.

"ನೂರಾ ಹನ್ನೆರಡು," ಎಂದು ಮತ್ತೆ ಕೂಗಿದರು.

"ಸ್ವಾಮಿ, ಅದು ನನ್ನ ಹತ್ರ ಐತೆ."

"ತೋರ್ಸು."

"ಎಲ್ಲೋ ಇಟ್ಟು ಮರ್ತಿದ್ದೀನಿ."

ಅವರು ಕನ್ನಡಕ ತೆಗೆದರು. ಹೆಡ್ ಮೇಷ್ಟ್ರು ಏನೋ ಹೇಳಲು ಹೊರಟರು, ಅವರು ಕೈ ಎತ್ತಿ ತಡೆದರು. "ಬೀರಲಿಂಗಯ್ಯ ಹನ್ನೊಂದು ವರ್ಷ ಒಂದು ಹಾಳೆ ಕಳೀಲಿಲ್ಲ ಕಣಮ್ಮ. ಆಗಸ್ಟ್ ಐದಕ್ಕೆ ನಿನ್ನ ವಿಚಾರಕ್ಕೆ ಕಮಿಟಿ ಕೂರ್ತದೆ. ಅಷ್ಟ್ರಾಗೆ ಪುಸ್ತಕ ಈ ಬೀರ್‌ನಾಗೆ ಇದ್ರೆ ಸರಿ. ಇಲ್ದಿದ್ರೆ ನೀನೂ ಬ್ಯಾಡ, ಈ ಓದೂ ಬ್ಯಾಡ, ಬೀರಿಗೆ ಮೊದ್ಲಿನಂಗೆ ಬೀಗ."

ಜಗಲಿಯಲ್ಲಿ ಮಕ್ಕಳು ಎಲ್ಲ ಕೇಳುತ್ತಾ ನಿಂತಿದ್ದರು. ಗಿರಿಜ ಕಂಬದ ಹಿಂದೆ.

೧೦ ಫೆಬ್ರವರಿ, ಶನಿವಾರ

ಗಿರಿಜ ಬಂದು, "ನಾನೇ ಅಪ್ಪನ ಹತ್ರ ಹೇಳ್ಬಿಡ್ತೀನಿ ಅಕ್ಕ" ಎಂದಳು. ಬಾಯಿ ಮುಚ್ಚಿಕೊಂಡು ಪರೀಕ್ಷೆಗೆ ಓದು ಎಂದೆ.

ನನ್ನನ್ನು ನಾಲ್ಕನೇ ಕ್ಲಾಸಿನಲ್ಲಿ ಒಮ್ಮೆ ಬಿಡಿಸಿದರು, ತಂಗಿ ಹುಟ್ಟಿದಾಗ. ಮತ್ತೆ ಸೇರಿಸಿದರು. ಏಳರಲ್ಲಿ ಮತ್ತೆ ಬಿಡಿಸಿದರು, ತಮ್ಮ ಹುಟ್ಟಿದಾಗ. ಎರಡನೇ ಸಲ ಯಾರೂ ಬಿಡಿಸುತ್ತೇವೆ ಎಂದು ಹೇಳಲಿಲ್ಲ. ನಾಳೆ ಹೋಗು, ನಾಡಿದ್ದು ಹೋಗು ಎಂದರು. ಆ ನಾಳೆ ಬರಲಿಲ್ಲ. ಪಾಠದ ಪುಸ್ತಕ ತೊಟ್ಟಿಲ ಕೆಳಗಿತ್ತು, ಅರ್ಧಕ್ಕೆ ನವಿಲುಗರಿ ಇಟ್ಟಿದ್ದೆ. ಯಾಕೆ ಈಗ ಇದು ನೆನಪಾಯಿತೋ.

೧೧ ಜೂನ್, ಸೋಮವಾರ

ಶಾಲೆ ಮತ್ತೆ ಶುರು. ಗಿರಿಜ ಹತ್ತನೇ ಕ್ಲಾಸಿಗೆ ಬಂದಳು. ಬಂದವಳೇ ಹೇಳಿದಳು, "ಅಜ್ಜಿ ನಿನ್ನೆ ಅಟ್ಟದ ಅಂಚಿನ ಒಂದು ಕಾಯಿ ಇಳ್ಸಿ ಕಿವಿ ಹತ್ರ ಅಲ್ಲಾಡಿಸಿದ್ರು ಅಕ್ಕ. ಇನ್ನೂ ನೀರು ಕುಲುಕ್ತೈತಂತೆ."

ಇನ್ನೂ ಎಂಟು ವಾರ. ಅಜ್ಜಿಯ ಕಿವಿ ಮತ್ತು ಕಮಿಟಿಯ ತಾರೀಖು, ಎರಡರ ನಡುವೆ ನಾನು.

ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬೀರಿನ ಮುಂದೆ ನಿಂತು ಕೈ ಕಟ್ಟಿಕೊಂಡು ನೋಡುತ್ತಿದ್ದಳು. ಹಂದನಕೆರೆ ಕಡೆಯವಳು, ಅತ್ತೆ ಮನೆಯಲ್ಲಿದ್ದುಕೊಂಡು ಓದಲು ಬಂದಿದ್ದಾಳೆ. ಯಾವುದು ಬೇಕು ಎಂದೆ. ಗೊತ್ತಿಲ್ಲ ಎಂದಳು. ನರಿಯೊಂದು ಬಾವಿಗೆ ಬೀಳುವ ಕಥೆಯನ್ನು ಅರ್ಧ ಹೇಳಿ, ಉಳಿದಿದ್ದು ಇದರಲ್ಲಿದೆ ಎಂದು ೩೭ ಕೊಟ್ಟೆ. ಮನೆಗೇ ತೆಗೆದುಕೊಂಡು ಹೋಗು ಎಂದೆ. ಜಗಲಿಯಲ್ಲಿ ಜಾಗ ಎಲ್ಲಿದೆ.

೩೦ ಜುಲೈ, ಸೋಮವಾರ

ಎಲ್ಲ ತಲೆಕೆಳಗಾಯಿತು. ನಿನ್ನೆ ಭಾನುವಾರ ಅಟ್ಟದ ಕಾಯಿ ಇಳಿಸುತ್ತಾರೆ, ತಾನು ಮನೆಯಲ್ಲೇ ಇದ್ದು ಮೂಲೆಯ ಪುಸ್ತಕವನ್ನು ಮೊದಲೇ ಎತ್ತಿಕೊಳ್ಳುತ್ತೇನೆ ಎಂದು ಗಿರಿಜ ಹೇಳಿದ್ದಳು. ಅಜ್ಜಿ ನಿನ್ನೆ ಕಾಯಿ ಅಲ್ಲಾಡಿಸಿ, "ಸೋಮವಾರ ಒಳ್ಳೇದು, ನಾಳೆ ಏಣಿ ಹಾಕ್ರಿ" ಎಂದರಂತೆ.

ನಾವಿಬ್ಬರೂ ಶಾಲೆಯಲ್ಲಿ. ಗಾಳಿ ಈ ಕಡೆಗಿತ್ತು. ಮಟ್ಟೆ ಸುಲಿಯುವ ಸದ್ದು, ಮಚ್ಚಿನ ಹಿಂಬದಿಯಿಂದ ಚಿಪ್ಪು ಒಡೆಯುವ ಸದ್ದು ದಿನವಿಡೀ ಕೇಳಿಸಿತು. ಸಂಜೆ ಬೆಲ್ಲು ಹೊಡೆದ ಕೂಡಲೇ ಗಿರಿಜ ಓಡಿದಳು. ಸ್ವಲ್ಪ ಹೊತ್ತಿಗೆ ಬೇಲಿಯ ಹತ್ತಿರ ಬಂದು ತಲೆ ಅಲ್ಲಾಡಿಸಿದಳು. ಅಟ್ಟ ಖಾಲಿ, ಗುಡಿಸಿದೆ. ಮೂಲೆಯಲ್ಲಿ ಏನೂ ಇಲ್ಲ.

೩ ಆಗಸ್ಟ್, ಶುಕ್ರವಾರ

ಊಟದ ಬೆಲ್ಲಿನ ಹೊತ್ತಿಗೆ ವೀರಭದ್ರಯ್ಯನವರು ಬಂದರು. ಆಫೀಸಿಗೆ ಹೋಗಲಿಲ್ಲ. ಮಕ್ಕಳು ಓದುತ್ತಿದ್ದ ಜಗಲಿಯ ತುದಿಗೆ ಬಂದು ಕೂತರು. ಟವಲಿನಲ್ಲಿ ಸುತ್ತಿದ್ದನ್ನು ಬಿಚ್ಚಿದರು. ನೂರಾ ಹನ್ನೆರಡು. ರಟ್ಟು ಹೊಗೆಗೆ ಬೆಲ್ಲದ ಬಣ್ಣವಾಗಿದೆ. ಇಲಿ ಮುಟ್ಟಿಲ್ಲ.

"ಜವರಪ್ಪ ತಂದುಕೊಟ್ಟ. ರಿಜಿಸ್ಟರ್‌ನಾಗೆ ನಿನ್ನೆಸ್ರು ಐತೆ. ನಮ್ಮ ಅಟ್ಟಕ್ಕೆ ನೀನು ಯಾವಾಗ ಹತ್ತಿದ್ದೆ ಕಣಮ್ಮ?"

ರಿಜಿಸ್ಟರ್ ತರುವ ನೆಪದಲ್ಲಿ ಏಳಲು ಹೋದೆ, ಅವರು ಬಿಡಲಿಲ್ಲ.

"ನೆನ್ನೆ ಗಿರಿಜನೇ ಬಾಯ್ಬಿಟ್ಲು. ನಂಗೆ ಏನ್ ಮಾಡಿದ್ರೂ ಮಾಡಿ, ಅಕ್ಕನ್ನ ತೆಗೀಬ್ಯಾಡಿ ಅಂದ್ಲು. ನಾನು ಸೋಮವಾರನೇ ಕೂಗಾಡ್ಬೇಕಿತ್ತು. ಬೈಯೋಕ್ ಮುಂಚೆ ಇದ್ರಾಗೆ ಅಂಥಾದ್ದೇನೈತೆ ನೋಡನ ಅಂತ ತೆಗೆದೆ. ಕೊಬ್ರಿ ಸುಲಿಯೋರ ಮುಂದೆ ಕುಂತ್ಕಂಡು ಓದ್ದೆ. ಜವರಪ್ಪ ಎರಡು ಸಲ ಕಾಫಿ ಕೇಳಿದ್ನಂತೆ, ನಂಗೆ ಕೇಳಿಸ್ಲೇ ಇಲ್ಲ."

ತಪ್ಪಾಯಿತು ಸ್ವಾಮಿ, ಕೆಲಸದಿಂದ ತೆಗೆಯಬೇಡಿ ಎಂದು ಹೇಳಬೇಕೆಂದು ಆರು ತಿಂಗಳಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಅದು ಬರಲಿಲ್ಲ. ಅವರ ಕೈಯಲ್ಲಿದ್ದ ಪುಸ್ತಕ ನೋಡಿ,

"ಹಡಗು ಬಿಡ್ತಾ ಸ್ವಾಮಿ?" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಮೂಗಿನಲ್ಲೇ ನಕ್ಕು, "ಹೇಳಿದ್ರೆ ನೀನು ಓದಲ್ಲ" ಎಂದರು. ಮಕ್ಕಳು ಗೊಳ್ಳೆಂದರು.

ಪುಸ್ತಕ ನನ್ನ ಕೈಗೆ ಕೊಟ್ಟರು. ಎಂಬತ್ತಾರನೇ ಪುಟದಲ್ಲಿ ಗರಿ ಕಡ್ಡಿ ಹಾಗೇ ಇತ್ತು. "ಮೊದ್ಲು ಅವಳಿಗೆ ಕೊಡು, ವರ್ಷದಿಂದ ಕಾದವ್ಳೆ. ನಿನ್ನ ಹೆಸ್ರು ಹೊಡೆದಾಕಿ ಅವಳ ಹೆಸ್ರು ಬರಿ. ಅಟ್ಟದ ಮೇಲೆ ಮಾತ್ರ ಇಡಬ್ಯಾಡ ಅಂತ ಹೇಳು."

ಎದ್ದು ಹೋದರು. ಹೋದ ಮೇಲೆ ನೆನಪಾಯಿತು, ಭಾನುವಾರದ ಕಮಿಟಿಯ ವಿಷಯ ಕೇಳಲೇ ಇಲ್ಲ. ಎಂಥ ದಡ್ಡಿ ನಾನು.

೮ ಆಗಸ್ಟ್, ಬುಧವಾರ

ಗಿರಿಜ ಮುಗಿಸಿ ಕೊಟ್ಟಳು. ಬೆಳಿಗ್ಗೆಯಿಂದ ನಾನು ಓದುತ್ತಿದ್ದೇನೆ. ಗಂಟೆ ಹೊಡೆಯುವುದು ತಡವಾಯಿತೆಂದು ಹೆಡ್ ಮೇಷ್ಟ್ರು ಬಂದು ನೋಡಿ ಹೋದರು. ಎಂಬತ್ತೇಳನೇ ಪುಟದಲ್ಲಿ ಅಡಿಗೆಯವನು ಏನು ಹೇಳುತ್ತಾನೆ ಎಂದು ಇಲ್ಲಿ ಬರೆಯುವುದಿಲ್ಲ.

೨೨ ಸೆಪ್ಟೆಂಬರ್, ಶನಿವಾರ

ನಾಳೆಯಿಂದ ದಸರಾ ರಜ. ರಜಕ್ಕೆ ಮುಂಚೆ ಎಲ್ಲ ಪುಸ್ತಕ ವಾಪಸು ತರಿಸಿಕೊಳ್ಳುವುದು ನಿಯಮ. ತರಿಸಿಕೊಂಡೆ. ಎಣಿಸಿದೆ. ೨೧೪. ಬೀರು ತುಂಬಿ ಗಟ್ಟಿಯಾಗಿ ನಿಂತಿತ್ತು. ಬೀಗ ಹಾಕಿ ಜಗಲಿಗೆ ಬಂದೆ, ಜಗಲಿ ಖಾಲಿ. ಯಾಕೋ ಸರಿಹೋಗಲಿಲ್ಲ.

ಬಸ್ಸಿಗೆ ಹೊರಟಿದ್ದ ಹೆಡ್ ಮೇಷ್ಟ್ರ ಹಿಂದೆ ಹೋಗಿ, "ಸಾರ್, ಹದಿನೈದು ದಿನ ಇವು ಸುಮ್ನೆ ಇಲ್ಲಿ ಏನ್ಮಾಡ್ತವೆ? ಮಕ್ಕಳು ತಲಾ ಎರಡು ಒಯ್ಯಲಿ" ಎಂದೆ. "ಕಳೆದ್ರೆ?" ಎಂದು ಅವರೇ ಕೇಳಿದರು. ಈ ಮೇಷ್ಟ್ರೂ ಹೀಗೆ ಹೆದರುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಬರ್ತವೆ ಸಾರ್ ಎಂದು ಮತ್ತೆ ಗಂಟೆ ಹೊಡೆದೆ, ದಾರಿಯಲ್ಲಿದ್ದ ಮಕ್ಕಳು ತಿರುಗಿ ಓಡಿಬಂದರು. ಹೊನ್ನವಳ್ಳಿ ಬಸ್ಸು ಬರುವಷ್ಟರಲ್ಲಿ ನೂರೈವತ್ತರ ಹತ್ತಿರ ಹೋದವು. ಸರಿಯಾಗಿ ಎಷ್ಟು ಎಂದು ರಿಜಿಸ್ಟರಿನಲ್ಲಿದೆ. ೧೧೨ಕ್ಕೆ ಜಗಳವೇ ಆಯಿತು. ಈಗಲೂ ಅದನ್ನು ತೆಗೆದವರು ಮೊದಲು ಮೂಸಿ ನೋಡುತ್ತಾರೆ, ಕೊಬ್ಬರಿ ವಾಸನೆ. ಉಳಿದವುಗಳಲ್ಲಿದ್ದ ಜೇನು ಸಾಕಣೆಯ ಪುಸ್ತಕವನ್ನು ಈ ಸಲವೂ ಯಾರೂ ಕೇಳಲಿಲ್ಲ, ಪಾಪ. ಮನೆಗೆ ತಂದಿದ್ದೇನೆ. ಅರ್ಧ ಹೇಳಿ ನಿಲ್ಲಿಸುವಂಥದ್ದು ಅದರಲ್ಲಿ ಏನಾದರೂ ಇದ್ದೇ ಇರುತ್ತದೆ, ಹುಡುಕಬೇಕು.

ಬರೆಯುವುದು ಮರೆತಿದ್ದೆ. ಖಾಯಂ ಮಾಡಿದ ಕಾಗದ ಹೋದ ವಾರವೇ ಬಂತು. ಓದುತ್ತಿದ್ದ ಪುಸ್ತಕದಲ್ಲಿ ಗುರುತಿಗೆ ಇಟ್ಟ ನೆನಪು. ಯಾವ ಪುಸ್ತಕವೋ, ಇವತ್ತು ಯಾರ ಮನೆಗೆ ಹೋಯಿತೋ. ರಜ ಮುಗಿದ ಮೇಲೆ ಬರುತ್ತದೆ, ಬಿಡು.